ಹಗಲಿಗೆ ಬಯಲು, ಇರುಳಿಗೆ ಬಿಲ: ಆಫ್ರಿಕದ ವಾರ್ಟ್‌ಹಾಗ್

ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಹಬ್ಬಿರುವ ಆಫ್ರಿಕದ ಸವನ್ನಾ ಹುಲ್ಲುಗಾವಲುಗಳಲ್ಲಿ ಹಾಡಹಗಲೇ ಮೇಯುತ್ತ ಕಣ್ಣಿಗೆ ಬೀಳುವ ಕಾಡುಹಂದಿ ವಾರ್ಟ್‌ಹಾಗ್. ಮುಖದ ಮೇಲೆ ನರಹುಲಿಗಳಂತೆ ಎದ್ದುನಿಂತ ಗಂಟುಗಳಿಂದ ಇದಕ್ಕೆ ಈ ಹೆಸರು ಬಂದಿದೆ. ಹಂದಿಗಳ ಕುಟುಂಬಕ್ಕೆ ಸೇರಿದ ಇದು ಕರ್ನಾಟಕದ ಕಾಡುಮೇಡುಗಳಲ್ಲಿರುವ ಕಾಡುಹಂದಿಗೆ ದೂರದ ನೆಂಟ. ನಮ್ಮ ಕಾಡುಹಂದಿ ಪೊದೆಯ ಮರೆಯನ್ನೂ ಕತ್ತಲನ್ನೂ ನೆಚ್ಚಿಕೊಂಡು ಬದುಕುತ್ತದೆ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ವಾರ್ಟ್‌ಹಾಗ್ ಬಟಾಬಯಲಿನಲ್ಲಿ, ಸಿಂಹ ಚಿರತೆಗಳ ನಡುವೆ, ಮುಖ್ಯವಾಗಿ ಹುಲ್ಲನ್ನೇ ತಿಂದು ಬದುಕುತ್ತದೆ. ಹಂದಿಯ ಜಾತಿಗೆ ಇದು ಸುಲಭದ ಬದುಕಲ್ಲ. ಅದನ್ನು ಸಾಧ್ಯವಾಗಿಸಿದ ಅಂಗರಚನೆ ಮತ್ತು ನಡವಳಿಕೆಗಳೇ ಈ ಪ್ರಾಣಿಯನ್ನು ಗಮನಿಸುವವರಿಗೆ ಸಿಗುವ ದೊಡ್ಡ ಪಾಠ.

ವಾರ್ಟ್‌ಹಾಗ್‌ಗಳಲ್ಲಿ ಎರಡು ಪ್ರಭೇದಗಳಿವೆ. ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಇಥಿಯೋಪಿಯದವರೆಗೆ, ಅಲ್ಲಿಂದ ದಕ್ಷಿಣದ ನಮೀಬಿಯ ಮತ್ತು ದಕ್ಷಿಣ ಆಫ್ರಿಕದವರೆಗೆ ಕಾಣುವುದು ಸಾಮಾನ್ಯ ವಾರ್ಟ್‌ಹಾಗ್. ಇದರ ವೈಜ್ಞಾನಿಕ ಹೆಸರು ಫಾಕೊಕೀರಸ್ ಆಫ್ರಿಕಾನಸ್. ದಟ್ಟವಾದ ಮಳೆಕಾಡು ಮತ್ತು ಕಡುಮರುಭೂಮಿಗಳನ್ನು ಬಿಟ್ಟರೆ ಉಳಿದ ಬಯಲು, ಕುರುಚಲು ಪ್ರದೇಶಗಳಿಗೆಲ್ಲ ಇದು ಒಗ್ಗಿಕೊಂಡಿದೆ. ಇಥಿಯೋಪಿಯದ ಬಾಲೆ ಪರ್ವತಗಳಲ್ಲಿ ಸುಮಾರು 3,000 ಮೀಟರ್ ಎತ್ತರದ ಹುಲ್ಲುಗಾವಲಿನಲ್ಲೂ ಇದು ಮೇಯುತ್ತದೆ. ಎರಡನೆಯದಾದ ಮರುಭೂಮಿ ವಾರ್ಟ್‌ಹಾಗ್ ಈಗ ಕೀನ್ಯಾ, ಸೊಮಾಲಿಯ, ಇಥಿಯೋಪಿಯಗಳ ಒಣನಾಡಿನಲ್ಲಿ ಮಾತ್ರ ಉಳಿದಿದೆ. ಇದೇ ಪ್ರಭೇದದ ಒಂದು ಬಗೆ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತ್ಯದಲ್ಲೂ ಇತ್ತು; 19ನೇ ಶತಮಾನದಲ್ಲಿ ಅದು ನಿರ್ನಾಮವಾಯಿತು. ಮುಂದಿನ ವಿವರಗಳೆಲ್ಲ ಸಾಮಾನ್ಯ ವಾರ್ಟ್‌ಹಾಗ್‌ಗೆ ಸಂಬಂಧಿಸಿದವು.

ದೇಹ ಮತ್ತು ಮುಖ

ಬೆಳೆದ ಗಂಡುಹಂದಿ 60ರಿಂದ 150 ಕಿಲೋ, ಹೆಣ್ಣು 45ರಿಂದ 75 ಕಿಲೋ ತೂಗುತ್ತದೆ. ಭುಜದ ಎತ್ತರ ಎರಡರಿಂದ ಎರಡೂಮುಕ್ಕಾಲು ಅಡಿ. ಬೂದು ಬಣ್ಣದ ಚರ್ಮದ ಮೇಲೆ ಅಲ್ಲಲ್ಲಿ ಬಿರುಗೂದಲು ಇರುತ್ತದೆಯೇ ಹೊರತು ಮೈಮುಚ್ಚುವಷ್ಟು ರೋಮವಿಲ್ಲ. ಕತ್ತಿನಿಂದ ಬೆನ್ನಿನುದ್ದಕ್ಕೂ ಉದ್ದ ಕೂದಲಿನ ಕೇಸರವೊಂದು ಇಳಿದಿರುತ್ತದೆ. ಕಾಲುಗಳು ಇತರ ಹಂದಿಗಳಿಗಿಂತ ನೀಳ. ಬಯಲಿನಲ್ಲಿ ಓಡುವ ಪ್ರಾಣಿಗೆ ಅವು ಬೇಕೇ ಬೇಕು.

ಅಗಲವಾದ, ಚಪ್ಪಟೆಯಾದ ತಲೆಯಲ್ಲಿ ಕಣ್ಣುಗಳು ತುಂಬ ಮೇಲೆ, ಹಿಂದಕ್ಕೆ ಸರಿದು ಕುಳಿತಿವೆ. ಹೀಗಾಗಿ ಮೂತಿ ನೆಲಕ್ಕೆ ಹತ್ತಿದ್ದಾಗಲೂ ಸುತ್ತಲಿನ ಬಯಲಿನ ಮೇಲೆ ಕಣ್ಣಿಡಬಹುದು. ಆದರೂ ಇದರ ದೃಷ್ಟಿ ಅಷ್ಟು ಚುರುಕಲ್ಲ. ಅಪಾಯವನ್ನು ಹೆಚ್ಚಾಗಿ ಮೊದಲು ತಿಳಿಸುವುದು ಮೂಗು ಮತ್ತು ಕಿವಿ.

ಮುಖದ ಗಂಟುಗಳು ರೋಗವೂ ಅಲ್ಲ, ನಿಜವಾದ ನರಹುಲಿಯೂ ಅಲ್ಲ. ಅವು ದಪ್ಪಗೆ ಬೆಳೆದ ಚರ್ಮ ಮತ್ತು ನಾರಿನಂಥ ಅಂಗಾಂಶ. ಒಳಗೆ ಮೂಳೆಯ ಆಧಾರವಿಲ್ಲ. ಕಣ್ಣುಗಳ ಕೆಳಗೆ ಒಂದು ಜೊತೆ, ಕಣ್ಣು ಮತ್ತು ಕೋರೆಹಲ್ಲಿನ ನಡುವೆ ಇನ್ನೊಂದು ಜೊತೆ, ದವಡೆಯ ಮೇಲೆ ಮತ್ತೊಂದು ಜೊತೆ ಇರುತ್ತವೆ. ಗಂಡಿನಲ್ಲಿ ಇವು ಎದ್ದು ಕಾಣುವಷ್ಟು ದೊಡ್ಡವು, ಹೆಣ್ಣಿನಲ್ಲಿ ಚಿಕ್ಕವು. ದೂರದಿಂದಲೇ ಗಂಡು ಹೆಣ್ಣು ಗುರುತಿಸಲು ನೋಡುಗರಿಗೆ ಇದೇ ಸುಲಭದ ದಾರಿ. ಗಂಡುಗಳು ಕಾದಾಡುವಾಗ ಎದುರಾಳಿಯ ಕೋರೆಯ ಏಟನ್ನು ತಡೆದು ಕಣ್ಣು, ದವಡೆಗಳನ್ನು ಕಾಪಾಡುವುದು ಈ ಗಂಟುಗಳ ಕೆಲಸ.

ಕೋರೆಹಲ್ಲುಗಳು ನಾಲ್ಕು. ಬಾಯಿಂದ ಹೊರಕ್ಕೆ ಚಾಚಿ ಮೇಲಕ್ಕೆ ಬಾಗಿದ ಮೇಲಿನ ಜೊತೆ ಎಲ್ಲರ ಕಣ್ಣಿಗೆ ಬೀಳುತ್ತದೆ. ದೊಡ್ಡ ಗಂಡುಗಳಲ್ಲಿ ಇವು 60 ಸೆಂಟಿಮೀಟರ್ ಉದ್ದವನ್ನೂ ಮುಟ್ಟಿದ್ದುಂಟು. ನಿಜವಾದ ಆಯುಧ ಇದಲ್ಲ, ಕೆಳಗಿನ ಗಿಡ್ಡ ಜೊತೆ. ಬಾಯಿ ಆಡಿಸಿದಾಗಲೆಲ್ಲ ಇವು ಮೇಲಿನ ಕೋರೆಗಳಿಗೆ ಉಜ್ಜಿಕೊಂಡು ಅಲಗಿನಂತೆ ಹರಿತವಾಗುತ್ತವೆ. ಮೇಲೆ ಬಿದ್ದ ಚಿರತೆ, ಸಿಂಹಗಳ ಮೈ ಸೀಳುವಷ್ಟು ಬಲ ಇವಕ್ಕಿದೆ.

ಮಂಡಿಯೂರಿ ಮೇಯುವ ಬಗೆ

ವಾರ್ಟ್‌ಹಾಗ್‌ನ ಕತ್ತು ಗಿಡ್ಡ, ಕಾಲು ನೀಳ. ನಿಂತಲ್ಲೇ ಬಾಯಿ ನೆಲಕ್ಕೆ ಎಟುಕುವುದು ಕಷ್ಟ. ಅದಕ್ಕೆ ಅದು ಕಂಡುಕೊಂಡ ಉಪಾಯ ಮಂಡಿಯೂರುವುದು. ಮುಂಗಾಲುಗಳನ್ನು ಹಿಂದಕ್ಕೆ ಮಡಿಚಿ ಮಣಿಕಟ್ಟಿನ ಕೀಲುಗಳ ಮೇಲೆ ಭಾರ ಬಿಡುತ್ತದೆ. ಹಿಂಗಾಲುಗಳು ನಿಂತೇ ಇರುವುದರಿಂದ ಹಿಂಭಾಗ ಮೇಲೆದ್ದಿರುತ್ತದೆ. ಆ ಭಂಗಿಯಲ್ಲೇ ಬಾಚಿಹಲ್ಲು ಮತ್ತು ತುಟಿಗಳಿಂದ ಎಳೆಹುಲ್ಲಿನ ತುದಿಗಳನ್ನು ಕಚ್ಚಿ ಕಚ್ಚಿ ತೆಗೆಯುತ್ತದೆ. ಮುಂದಿನ ಎಸಳಿಗೆ ಹೋಗಬೇಕಾದರೆ ಏಳುವುದಿಲ್ಲ. ಮಂಡಿಯ ಮೇಲೇ ತೆವಳುತ್ತ ಸಾಗುತ್ತದೆ. ಗದ್ದಲವೇನಾದರೂ ಕೇಳಿದರೆ ಮಾತ್ರ ಥಟ್ಟನೆ ಎದ್ದು, ತಲೆಯೆತ್ತಿ, ಮೂಗರಳಿಸಿ ನಿಲ್ಲುತ್ತದೆ.

ಹೀಗೆ ಊರುವ ಜಾಗದಲ್ಲಿ ಚರ್ಮ ದಪ್ಪಗಟ್ಟಿ ಮೆತ್ತೆಯಂತಾಗಿರುತ್ತದೆ. ಇದು ನೆಲಕ್ಕೆ ಉಜ್ಜಿ ಉಜ್ಜಿ ಬಂದದ್ದಲ್ಲ. ತಾಯಿಯ ಗರ್ಭದಲ್ಲಿರುವ ಮರಿಯಲ್ಲೇ ಈ ದಪ್ಪಚರ್ಮ ಮೂಡಿರುತ್ತದೆ. ಮಂಡಿಯೂರುವ ಅಭ್ಯಾಸ ಈ ಜೀವಿಯ ವಂಶದಲ್ಲಿ ಎಷ್ಟು ಹಳೆಯದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮಳೆಗಾಲದಲ್ಲಿ ಗಿಡ್ಡ ಹಸಿರು ಹುಲ್ಲೇ ಮುಖ್ಯ ಆಹಾರ. ಬೆಂಕಿ ಬಿದ್ದು ಕರಕಲಾದ ಬಯಲಿನಲ್ಲಿ ಹೊಸ ಚಿಗುರು ಒಡೆದಾಗ ವಾರ್ಟ್‌ಹಾಗ್‌ಗಳು ಅಲ್ಲಿಗೆ ಬಂದು ಮೇಯುತ್ತವೆ. ಹುಲ್ಲು ಎತ್ತರಕ್ಕೆ ಬೆಳೆದಿದ್ದರೆ ತೆನೆಯಿಂದ ಕಾಳು ಸುಲಿದು ತಿನ್ನುತ್ತವೆ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಗಮನ ನೆಲದೊಳಗಿನ ಬೇರು, ಗೆಡ್ಡೆಗಳ ಕಡೆಗೆ ತಿರುಗುತ್ತದೆ. ಮೂತಿಯ ತುದಿಯ ಗಟ್ಟಿ ಅಂಚು ಕಲ್ಲಿನಂತಾದ ಮಣ್ಣನ್ನೂ ಒಕ್ಕಬಲ್ಲದು. ಜೊತೆಗೆ ಉದುರಿದ ಹಣ್ಣು, ತೊಗಟೆ, ಅಣಬೆ, ಹುಳುಹುಪ್ಪಟೆಗಳೂ ಹೊಟ್ಟೆ ಸೇರುತ್ತವೆ. ಅಪರೂಪಕ್ಕೆ ಸತ್ತ ಪ್ರಾಣಿಯ ಮಾಂಸವೂ.

ಹುಲ್ಲು ಹಲ್ಲನ್ನು ಬೇಗ ಸವೆಸುತ್ತದೆ. ಅದಕ್ಕೆ ತಕ್ಕಂತೆ ವಾರ್ಟ್‌ಹಾಗ್‌ನ ಕೊನೆಯ ದವಡೆಹಲ್ಲು ವಿಪರೀತ ಎತ್ತರಕ್ಕೂ ಉದ್ದಕ್ಕೂ ಬೆಳೆದಿದೆ. ವಯಸ್ಸಾದಂತೆ ಮುಂದಿನ ಹಲ್ಲುಗಳು ಸವೆದು ಬಿದ್ದರೂ ಇದೊಂದೇ ಹಲ್ಲು ಅರೆಯುವ ಕೆಲಸವನ್ನು ಹೊತ್ತುಕೊಳ್ಳುತ್ತದೆ.

ಒಂದು ದಿನದ ದಿನಚರಿ

ವಾರ್ಟ್‌ಹಾಗ್ ಹಗಲಿನ ಪ್ರಾಣಿ. ಬೆಳಗು ಹರಿದ ಮೇಲೆ ಬಿಲದಿಂದ ಹೊರಬರುತ್ತದೆ. ಚಳಿಯಿದ್ದರೆ ಇನ್ನೂ ತಡ. ಬೆಳಗಿನ ಹೊತ್ತು ಮತ್ತು ಮಧ್ಯಾಹ್ನದ ಇಳಿಹೊತ್ತು ಮೇಯುವುದಕ್ಕೆ ಮೀಸಲು. ನಡುಹಗಲಿನ ಬಿಸಿಲಿಗೆ ಮರದ ನೆರಳು ಇಲ್ಲವೇ ಕೆಸರಿನ ಗುಂಡಿ. ಚರ್ಮದ ಕೆಳಗೆ ಕೊಬ್ಬಿನ ಪದರವಾಗಲಿ, ಮೇಲೆ ದಟ್ಟ ರೋಮವಾಗಲಿ ಇಲ್ಲದ ಈ ಪ್ರಾಣಿಗೆ ಬಿಸಿಲೂ ಕಷ್ಟ, ಚಳಿಯೂ ಕಷ್ಟ. ಕೆಸರಿನಲ್ಲಿ ಹೊರಳಿದರೆ ಮೈ ತಂಪಾಗುತ್ತದೆ, ಮೆತ್ತಿಕೊಂಡ ಮಣ್ಣು ನೊಣಗಳನ್ನು ದೂರವಿಡುತ್ತದೆ. ಹೊರಳಿದ ಮೇಲೆ ಮರದ ಬೊಡ್ಡೆಗೋ ಹುತ್ತಕ್ಕೋ ಮೈ ಉಜ್ಜಿಕೊಳ್ಳುತ್ತದೆ. ನೀರು ಸಿಕ್ಕಿದರೆ ದಿನವೂ ಕುಡಿಯುತ್ತದೆ. ಸಿಗದಿದ್ದರೆ ಬೇರು ಗೆಡ್ಡೆಗಳ ತೇವದ ಮೇಲೆ ಬಹಳ ಕಾಲ ತಳ್ಳುತ್ತದೆ.

ಕತ್ತಲಾಗುವ ಮೊದಲು ಎಲ್ಲವೂ ಬಿಲದತ್ತ ಹೆಜ್ಜೆ ಹಾಕುತ್ತವೆ. ಬೇಟೆಪ್ರಾಣಿಗಳು ಚುರುಕಾಗುವ ಹೊತ್ತಿಗೆ ನೆಲದಡಿ ಸೇರಿಕೊಳ್ಳುವುದೇ ಇದರ ಬದುಕಿನ ಮೂಲಸೂತ್ರ. ಮನುಷ್ಯರ ಬೇಟೆಯ ಕಾಟ ಹೆಚ್ಚಿರುವ ಕಡೆಗಳಲ್ಲಿ ಮಾತ್ರ ಇದು ಹಗಲಿನ ಓಡಾಟ ಕಡಿಮೆ ಮಾಡಿ ರಾತ್ರಿ ಹೊರಬರುವುದುಂಟು.

ಬಿಲ: ಬೇರೆಯವರು ತೋಡಿದ ಮನೆ

ವಾರ್ಟ್‌ಹಾಗ್‌ಗೆ ಮಣ್ಣು ಒಕ್ಕಲು ಬರುತ್ತದೆ. ಆದರೂ ಅದು ವಾಸಿಸುವ ಬಿಲಗಳಲ್ಲಿ ಹೆಚ್ಚಿನವು ಆರ್ಡ್‌ವಾರ್ಕ್ ತೋಡಿದವು. ಉದ್ದ ಕಿವಿ, ಉದ್ದ ಮೂತಿಯ ಈ ನಿಶಾಚರಿ ಪ್ರಾಣಿ ಇರುವೆ ಗೆದ್ದಲುಗಳನ್ನು ಹುಡುಕುತ್ತ, ಇರಲು ತಾಣ ಮಾಡಿಕೊಳ್ಳುತ್ತ ಬಯಲಿನ ತುಂಬ ಗುಂಡಿ ತೋಡುತ್ತದೆ. ಅದು ಬಿಟ್ಟುಹೋದ ಬಿಲಗಳನ್ನು ವಾರ್ಟ್‌ಹಾಗ್ ತನ್ನದಾಗಿಸಿಕೊಂಡು, ಬೇಕಾದಷ್ಟು ಅಗಲ ಮಾಡಿಕೊಂಡು, ಒಣಹುಲ್ಲು ಕಚ್ಚಿ ತಂದು ಹಾಸುತ್ತದೆ. ಒಂದು ಹಿಂಡಿಗೆ ಒಂದೇ ಬಿಲವೆಂದಿಲ್ಲ. ತಾನು ಓಡಾಡುವ ಪ್ರದೇಶದಲ್ಲಿರುವ ಹಲವು ಬಿಲಗಳು ಅದಕ್ಕೆ ಗೊತ್ತಿರುತ್ತವೆ. ಇವತ್ತು ಇಲ್ಲಿ, ನಾಳೆ ಅಲ್ಲಿ ಮಲಗುತ್ತದೆ. ಅಟ್ಟಿಸಿಕೊಂಡು ಬಂದ ಶತ್ರುವಿನಿಂದ ತಪ್ಪಿಸಿಕೊಳ್ಳಲು ಹತ್ತಿರದ ಬಿಲ ಯಾವುದೆಂಬ ಅರಿವೇ ಜೀವ ಉಳಿಸುತ್ತದೆ.

ಬಿಲಕ್ಕೆ ಇಳಿಯುವ ರೀತಿಯನ್ನು ನೋಡಬೇಕು. ಮರಿಗಳು ಮೊದಲು, ತಲೆ ಮುಂದಾಗಿ ನುಗ್ಗುತ್ತವೆ. ಹಿಂದೆ ಬಂದ ತಾಯಿ ಬಿಲದ ಬಾಯಲ್ಲಿ ಗಕ್ಕನೆ ತಿರುಗಿ, ಹಿಂಭಾಗ ಮುಂದುಮಾಡಿಕೊಂಡು ಹಿಂದಕ್ಕೆ ಸರಿಯುತ್ತ ಒಳಹೋಗುತ್ತದೆ. ಕೊನೆಗೆ ಬಾಗಿಲಲ್ಲಿ ಉಳಿಯುವುದು ಗಂಟುಮುಖ ಮತ್ತು ಕೋರೆಹಲ್ಲು. ಒಳಗೆ ಮೂತಿ ತೂರಿಸುವ ಕತ್ತೆಕಿರುಬವಾಗಲಿ ಚಿರತೆಯಾಗಲಿ ಮೊದಲು ಎದುರಿಸಬೇಕಾದದ್ದು ಅವನ್ನೇ. ಬೆಳಿಗ್ಗೆ ಹೊರಬರುವಾಗಲೂ ಎಚ್ಚರ ಅಷ್ಟೇ. ಕೆಲವೊಮ್ಮೆ ಬಾಯಲ್ಲಿ ನಿಂತು ಮೂಸಿ, ಆಲಿಸಿ ನಿಧಾನವಾಗಿ ಹೊರಗೆ ಕಾಲಿಡುತ್ತದೆ. ಕೆಲವೊಮ್ಮೆ ಬಾಣದಂತೆ ಚಿಮ್ಮಿ, ಓಡುತ್ತಲೇ ಹೊರಬರುತ್ತದೆ. ಆದ್ದರಿಂದಲೇ ಬಿಲದ ಬಾಯಿಗೆ ಎದುರಾಗಿ ಯಾರೂ ನಿಲ್ಲಬಾರದು.

ಶತ್ರುಗಳಿಂದ ರಕ್ಷಣೆಯಷ್ಟೇ ಮುಖ್ಯವಾದ ಇನ್ನೊಂದು ಉಪಯೋಗ ಬಿಲಕ್ಕಿದೆ. ಒಳಗಿನ ಉಷ್ಣತೆ ಹೊರಗಿನಷ್ಟು ಏರಿಳಿಯುವುದಿಲ್ಲ. ಚಳಿಯ ರಾತ್ರಿಗಳಲ್ಲಿ ಹಿಂಡಿನ ಪ್ರಾಣಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿ ಮೈ ಬೆಚ್ಚಗಿಟ್ಟುಕೊಳ್ಳುತ್ತವೆ. ಎಳೆಯ ಮರಿಗಳು ಚಳಿ ತಾಳಲಾರವು. ಬಿಲವಿಲ್ಲದಿದ್ದರೆ ಅವು ಬದುಕುವುದೇ ಕಷ್ಟ.

ಹಿಂಡು, ನೆಂಟಸ್ತನ ಮತ್ತು ಸಂಕೇತಗಳು

ವಾರ್ಟ್‌ಹಾಗ್ ಸಮಾಜದ ನಡುಗಂಬ ತಾಯಿ. ಒಂದೆರಡು ಹೆಣ್ಣುಗಳು ಮತ್ತು ಅವುಗಳ ಮರಿಗಳು ಸೇರಿ ಹಿಂಡಾಗುತ್ತದೆ. ಹೆಣ್ಣುಮರಿಗಳು ಬೆಳೆದ ಮೇಲೂ ತಾಯಿಯ ಆಸುಪಾಸಿನಲ್ಲೇ ಉಳಿಯುವುದು ಹೆಚ್ಚು. ಹೀಗಾಗಿ ಒಂದು ಹಿಂಡಿನ ಹೆಣ್ಣುಗಳು ಸಾಮಾನ್ಯವಾಗಿ ರಕ್ತಸಂಬಂಧಿಗಳು. ಗಂಡುಮರಿಗಳು ಬೆಳೆದು ಹೊರಬಿದ್ದ ಮೇಲೆ ಕೆಲಕಾಲ ತಮ್ಮದೇ ಪುಟ್ಟ ಗುಂಪು ಕಟ್ಟಿಕೊಳ್ಳುತ್ತವೆ. ಬಲಿತ ಗಂಡುಗಳು ಒಂಟಿಯಾಗಿ ತಿರುಗುತ್ತವೆ. ಹಿಂಡಿಗೆ ಹತ್ತಿರವಾಗುವುದು ಬೆದೆಯ ಕಾಲದಲ್ಲಿ ಮಾತ್ರ.

ಇವು ಗಡಿ ಹಾಕಿಕೊಂಡು ಕಾಯುವ ಪ್ರಾಣಿಗಳಲ್ಲ. ಹಲವು ಹಿಂಡುಗಳು ಒಂದೇ ಪ್ರದೇಶದ ಹುಲ್ಲು, ನೀರು, ಕೆಸರುಗುಂಡಿ, ಬಿಲಗಳನ್ನು ಹಂಚಿಕೊಂಡು ಬಳಸುತ್ತವೆ. ಬಿಲ ಮಾತ್ರ ಮೊದಲು ಬಂದವರಿಗೆ. ಭೇಟಿಯಾದಾಗ ಮೂತಿಗೆ ಮೂತಿ ತಾಗಿಸಿ ಮೂಸುತ್ತವೆ. ತುಟಿಯ ಬಳಿಯ ಮತ್ತು ಕಣ್ಣ ಮುಂದಿನ ಗ್ರಂಥಿಗಳ ವಾಸನೆಯನ್ನು ಮರದ ಬೊಡ್ಡೆ, ಕಲ್ಲು, ಬಿಲದ ಅಂಚುಗಳಿಗೆ ಒರೆಸಿ ತಾವು ಬಂದುಹೋದ ಸುಳಿವು ಬಿಡುತ್ತವೆ. ಗುಟುರು, ಕಿರುಚಾಟ, ಗುರುಗುಟ್ಟುವಿಕೆ ಒಂದೊಂದಕ್ಕೂ ಬೇರೆ ಬೇರೆ ಸಂದರ್ಭವಿದೆ. ಅಪಾಯ ಕಂಡ ಪ್ರಾಣಿ ಹೊರಡಿಸುವ ಮೊಟಕು ಗುಟುರಿಗೆ ಇಡೀ ಹಿಂಡು ಕಿವಿ ನಿಮಿರಿಸುತ್ತದೆ.

ಓಡುವಾಗ ಬಾಲ ನೆಟ್ಟಗೆ ಮೇಲೇಳುವುದು ವಾರ್ಟ್‌ಹಾಗ್‌ನ ಎಲ್ಲರಿಗೂ ಗೊತ್ತಿರುವ ಗುರುತು. ತುದಿಯಲ್ಲಿ ಕಪ್ಪು ಕೂದಲಿನ ಕುಚ್ಚಿರುವ ಈ ಬಾಲ ಎತ್ತರದ ಹುಲ್ಲಿನ ಮೇಲೆ ಕಾಣುವುದರಿಂದ ಹಿಂದೆ ಓಡಿ ಬರುವ ಮರಿಗಳು ದಾರಿ ತಪ್ಪುವುದಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ.

ಬೆದೆ, ಕಾದಾಟ, ಮರಿಗಳು

ಮಳೆಗಾಲ ಸ್ಪಷ್ಟವಾಗಿರುವ ಪ್ರದೇಶಗಳಲ್ಲಿ ಬೆದೆ ಮಳೆ ಮುಗಿಯುವ ಹೊತ್ತಿಗೆ ಶುರುವಾಗುತ್ತದೆ. ಕೆಲವು ಗಂಡುಗಳು ಹೆಣ್ಣುಗಳಿರುವ ಬಿಲಗಳ ಬಳಿಯೇ ಠಿಕಾಣಿ ಹೂಡುತ್ತವೆ. ಇನ್ನು ಕೆಲವು ಬೆದೆಗೆ ಬಂದ ಹೆಣ್ಣುಗಳನ್ನು ಹುಡುಕುತ್ತ ಅಲೆಯುತ್ತವೆ. ಹೆಣ್ಣಿನ ಹಿಂದೆ ನಡೆಯುವ ಗಂಡು ಒಂದೇ ಲಯದಲ್ಲಿ ಗುಟುರು ಹಾಕುತ್ತ, ಅದರ ಬೆನ್ನಿನ ಮೇಲೆ ಗದ್ದ ಊರಲು ನೋಡುತ್ತದೆ. ಇಬ್ಬರು ಸಮಬಲರು ಎದುರಾದರೆ ಕೇಸರ ನಿಮಿರಿಸಿ, ಹಣೆಗೆ ಹಣೆ ಕೊಟ್ಟು ತಳ್ಳಾಡುತ್ತವೆ. ಇಲ್ಲಿ ಬಳಕೆಯಾಗುವುದು ಹೆಚ್ಚಾಗಿ ಮೇಲಿನ ಮೊಂಡು ಕೋರೆಗಳು. ಹರಿತವಾದ ಕೆಳಗಿನ ಕೋರೆಗಳು ಎದುರಾಳಿಯ ಮೈಗೆ ತಾಗುವುದು ಕಡಿಮೆ. ಸೋತದ್ದು ಓಡುತ್ತದೆ, ಸಾವಿನವರೆಗೆ ಹೋಗುವ ಕಾದಾಟ ಅಪರೂಪ.

ಗರ್ಭದ ಅವಧಿ ಸುಮಾರು 170ರಿಂದ 175 ದಿನ. ಸಾಕುಹಂದಿಗೆ ಇದು ಸುಮಾರು 114 ದಿನ. ಹೀಗೆ ಮುಂದಿನ ಮಳೆ ಬಂದು ಹುಲ್ಲು ಚಿಗುರುವ ಹೊತ್ತಿಗೆ ಮರಿಗಳು ಹುಟ್ಟುತ್ತವೆ. ಹೆರಿಗೆಗೆ ಮೊದಲು ಹೆಣ್ಣು ಹಿಂದಿನ ವರ್ಷದ ಮಕ್ಕಳನ್ನು ದೂರ ಅಟ್ಟಿ, ಒಂಟಿಯಾಗಿ ಬಿಲ ಸೇರುತ್ತದೆ. ಒಂದು ಸಲಕ್ಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ. ತಾಯಿಗಿರುವುದು ನಾಲ್ಕೇ ಮೊಲೆ. ಪ್ರತಿ ಮರಿಯೂ ಒಂದನ್ನು ತನ್ನದೆಂದು ಹಿಡಿದುಕೊಳ್ಳುತ್ತದೆ. ಮೊದಲ ಕೆಲವು ವಾರ ಮರಿಗಳು ಬಿಲದಲ್ಲೇ ಇರುತ್ತವೆ. ತಾಯಿ ಮೇಯಲು ಹೋಗಿ, ಹಾಲೂಡಿಸಲು ಮರಳುತ್ತಿರುತ್ತದೆ. ಆರು ತಿಂಗಳ ಹೊತ್ತಿಗೆ ಹಾಲು ಬಿಡುತ್ತವೆ. ಒಂದೇ ಹಿಂಡಿನ ಹೆಣ್ಣುಗಳು ಒಂದರ ಮರಿಗೆ ಇನ್ನೊಂದು ಹಾಲೂಡಿಸುವುದನ್ನೂ, ತಾಯಿ ಸತ್ತ ಮರಿಗಳನ್ನು ಸಾಕಿಕೊಳ್ಳುವುದನ್ನೂ ಸಂಶೋಧಕರು ದಾಖಲಿಸಿದ್ದಾರೆ.

ಮರಿಗಳ ಕೆನ್ನೆಯ ಮೇಲೆ ಬಿಳಿ ಕೂದಲಿನ ಗೆರೆಯೊಂದಿರುತ್ತದೆ. ದೂರದಿಂದ ಅದು ಕೋರೆಹಲ್ಲಿನಂತೆಯೇ ಕಾಣುವುದರಿಂದ ಶತ್ರುಗಳನ್ನು ಹಿಂಜರಿಯುವಂತೆ ಮಾಡಬಹುದು. ಅಷ್ಟಾದರೂ ಮರಿಗಳಲ್ಲಿ ದೊಡ್ಡ ಪಾಲು ಮೊದಲ ವರ್ಷ ದಾಟುವುದಿಲ್ಲ. ಚಳಿ, ಬರ ಮತ್ತು ಬೇಟೆಪ್ರಾಣಿಗಳು ಅದಕ್ಕೆ ಕಾರಣ.

ಶತ್ರುಗಳು ಮತ್ತು ಗೆಳೆಯರು

ಸಿಂಹ, ಚಿರತೆ, ಕತ್ತೆಕಿರುಬ, ಆಫ್ರಿಕದ ಕಾಡುನಾಯಿ, ಮೊಸಳೆ ಇವೆಲ್ಲ ವಾರ್ಟ್‌ಹಾಗ್‌ನ ಶತ್ರುಗಳು. ಚೀತಾ ಮತ್ತು ದೊಡ್ಡ ಹದ್ದುಗಳು ಹೆಚ್ಚಾಗಿ ಮರಿಗಳ ಮೇಲೆ ಕಣ್ಣಿಡುತ್ತವೆ. ವಾರ್ಟ್‌ಹಾಗ್‌ನ ಮೊದಲ ರಕ್ಷಣೆ ಓಟ. ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು, ಆದರೆ ಬಹುದೂರ ಅಲ್ಲ. ಆದ್ದರಿಂದ ಬಿಲ ಹತ್ತಿರವಿರಬೇಕು. ಬಿಲ ಸೇರಿದರೂ ಸಿಂಹದಿಂದ ಪೂರ್ತಿ ನೆಮ್ಮದಿಯಿಲ್ಲ. ಸಿಂಹಗಳು ಗಂಟೆಗಟ್ಟಲೆ ಮಣ್ಣು ಕೆರೆದು ಒಳಗಿನ ಹಂದಿಯನ್ನು ಹೊರಗೆಳೆದದ್ದು ಹಲವು ಸಲ ಕಂಡುಬಂದಿದೆ. ಮರಿಗಳಿಗೆ ಅಪಾಯ ಬಂದಾಗ ತಾಯಿ ತಿರುಗಿ ನಿಲ್ಲುತ್ತದೆ; ಚೀತಾ, ಕಾಡುನಾಯಿಗಳನ್ನು ಅಟ್ಟಿಸಿಕೊಂಡೂ ಹೋಗುತ್ತದೆ.

ಬಯಲಿನಲ್ಲಿ ಇದಕ್ಕೆ ನೆರವಾಗುವ ಜೀವಿಗಳೂ ಇವೆ. ಆಕ್ಸ್‌ಪೆಕರ್ ಎಂಬ ಹಕ್ಕಿಗಳು ಬೆನ್ನೇರಿ ಉಣುಗುಗಳನ್ನು ಕುಕ್ಕಿ ತಿನ್ನುತ್ತವೆ. ಇದಕ್ಕಿಂತ ಅಚ್ಚರಿಯ ಸ್ನೇಹ ಉಗಾಂಡದ ಕ್ವೀನ್ ಎಲಿಜಬೆತ್ ರಾಷ್ಟ್ರೀಯ ಉದ್ಯಾನದಲ್ಲಿದೆ. ಅಲ್ಲಿ ಪಟ್ಟೆ ಮುಂಗುಸಿಗಳ ಗುಂಪು ಬಂದರೆ ವಾರ್ಟ್‌ಹಾಗ್ ನೆಲದ ಮೇಲೆ ಮಗ್ಗುಲಾಗಿ ಮಲಗಿಬಿಡುತ್ತದೆ. ಮುಂಗುಸಿಗಳು ಸುತ್ತ ಮುತ್ತಿ ಹೊಟ್ಟೆ, ಕಿವಿ, ಕಾಲಿನ ಸಂದುಗಳಿಂದ ಉಣುಗುಗಳನ್ನು ಹೆಕ್ಕುತ್ತವೆ. ಕೆಲವು ಮೈಮೇಲೇ ಹತ್ತುತ್ತವೆ. ಹಂದಿ ಮಿಸುಕುವುದಿಲ್ಲ. ಒಬ್ಬರಿಗೆ ಊಟ, ಇನ್ನೊಬ್ಬರಿಗೆ ಶುಚಿ. ಎರಡು ಬೇರೆ ಬೇರೆ ಸಸ್ತನಿಗಳ ನಡುವೆ ಇಂಥ ಪರಸ್ಪರ ಉಪಕಾರ ಬಹಳ ಅಪರೂಪ.

ಮನುಷ್ಯರ ನಡುವೆ

ವಾರ್ಟ್‌ಹಾಗ್‌ನ ಬಿಲದಲ್ಲಿ ವಾಸಿಸುವ ಒಂದು ಜಾತಿಯ ಮೆದುಚಿಪ್ಪಿನ ಉಣುಗು ಆಫ್ರಿಕನ್ ಹಂದಿ ಜ್ವರದ ವೈರಸ್ಸಿನ ವಾಹಕ. ಬಿಲದೊಳಗಿನ ಮರಿಗಳಿಗೆ ಇದು ಕಚ್ಚಿದಾಗ ಸೋಂಕು ತಗಲುತ್ತದೆ. ಆದರೆ ವಾರ್ಟ್‌ಹಾಗ್‌ಗೆ ಕಾಯಿಲೆ ಬರುವುದಿಲ್ಲ. ಸಾವಿರಾರು ವರ್ಷಗಳ ಸಹವಾಸದಿಂದ ಅದು ವೈರಸ್ಸಿಗೆ ಹೊಂದಿಕೊಂಡಿದೆ. ಇದೇ ವೈರಸ್ ಸಾಕುಹಂದಿಗೆ ತಗಲಿದರೆ ಬಹುತೇಕ ಸಾವು ಖಚಿತ. ಕೀನ್ಯಾದಲ್ಲಿ ಕಂಡ ಈ ರೋಗವನ್ನು ವಿಜ್ಞಾನಲೋಕಕ್ಕೆ ಮೊದಲು ವಿವರಿಸಿದ್ದು 1921ರಲ್ಲಿ. ರೋಗ ಆಫ್ರಿಕದಾಚೆಗೆ ಹರಡಿದ್ದು ಹಡಗು, ಮಾಂಸ, ವ್ಯಾಪಾರಗಳ ಮೂಲಕ, ವಾರ್ಟ್‌ಹಾಗ್‌ನ ಮೂಲಕ ಅಲ್ಲ. 2018ರಲ್ಲಿ ಚೀನಾವನ್ನೂ 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶಗಳ ಮೂಲಕ ಭಾರತವನ್ನೂ ಅದು ಮುಟ್ಟಿತು. ಮನುಷ್ಯರಿಗೆ ಇದು ಅಂಟುವುದಿಲ್ಲ.

ಹೊಲಗಳ ಬಳಿ ವಾರ್ಟ್‌ಹಾಗ್ ಕಡಲೆಕಾಯಿ, ಭತ್ತಗಳಿಗೆ ಬಾಯಿ ಹಾಕುತ್ತದೆ. ಬೇಲಿಯಡಿ ಮಣ್ಣು ತೋಡಿ ದಾರಿ ಮಾಡಿಕೊಳ್ಳುತ್ತದೆ. ಆ ಸಂದಿಯಿಂದ ನರಿಗಳೂ ನುಗ್ಗುತ್ತವೆ ಎಂಬುದು ದಕ್ಷಿಣ ಆಫ್ರಿಕದ ಕುರಿ ಸಾಕಣೆದಾರರ ದೂರು. ಮಾಂಸಕ್ಕಾಗಿ, ಕೆತ್ತನೆಗೆ ಒದಗುವ ಕೋರೆಗಾಗಿ ಬೇಟೆಯೂ ನಡೆಯುತ್ತದೆ. ಆದರೂ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಇದು ಸದ್ಯಕ್ಕೆ ಅಳಿವಿನ ಆತಂಕವಿಲ್ಲದ ಪ್ರಾಣಿಗಳ ಸಾಲಿನಲ್ಲಿದೆ.

ನೋಡುವ ಬಗೆ

ಹಗಲಲ್ಲೇ ಓಡಾಡುವುದರಿಂದ ವಾರ್ಟ್‌ಹಾಗ್ ಅಧ್ಯಯನಕ್ಕೆ ಒದಗುವ ಪ್ರಾಣಿ. ಡೇವಿಡ್ ಕಮಿಂಗ್ ಇಂದಿನ ಜಿಂಬಾಬ್ವೆಯ ಸೆಂಗ್ವಾದಲ್ಲಿ ನಡೆಸಿ 1975ರಲ್ಲಿ ಪ್ರಕಟಿಸಿದ ಕ್ಷೇತ್ರ ಅಧ್ಯಯನ ಇವುಗಳ ಹಿಂಡು, ಬಿಲ, ಸಂತಾನಗಳ ಬಗೆಗಿನ ತಿಳಿವಳಿಕೆಗೆ ಬುನಾದಿ ಹಾಕಿದ ಕೃತಿಗಳಲ್ಲೊಂದು. ಕೋರೆಯ ಬಾಗು, ಗಂಟುಗಳ ಆಕಾರ, ಹರಿದ ಕಿವಿ, ಮುರಿದ ಬಾಲಗಳನ್ನು ಗುರುತಿಟ್ಟುಕೊಂಡರೆ ಒಂದೊಂದು ಪ್ರಾಣಿಯನ್ನೂ ಬೇರೆಯಾಗಿ ಗುರುತಿಸಬಹುದು. ನಿಗದಿತ ಅಂತರದಲ್ಲಿ ಯಾವುದು ಏನು ಮಾಡುತ್ತಿದೆ ಎಂದು ಬರೆದಿಡುತ್ತ ಹೋಗುವುದು ನಡವಳಿಕೆಯನ್ನು ದಾಖಲಿಸುವ ಸರಳ ಕ್ರಮ.

ಕೀನ್ಯಾದ ಮಸಾಯಿ ಮಾರಾ, ಟಾಂಜಾನಿಯದ ಸೆರೆಂಗೆಟಿ, ದಕ್ಷಿಣ ಆಫ್ರಿಕದ ಕ್ರೂಗರ್, ಘಾನಾದ ಮೋಲೆ ಉದ್ಯಾನಗಳಿಗೆ ಹೋಗುವ ಪ್ರವಾಸಿಗರಿಗೆ ಇವು ಸಾಮಾನ್ಯವಾಗಿ ಕಾಣಸಿಗುತ್ತವೆ. ಸಫಾರಿ ವಾಹನಗಳು ಸಿಂಹವನ್ನು ಹುಡುಕುವ ಭರದಲ್ಲಿ ಇವನ್ನು ದಾಟಿ ಹೋಗುವುದೇ ಹೆಚ್ಚು. ವಾಹನದೊಳಗೇ ಸದ್ದಿಲ್ಲದೆ ಕುಳಿತು, ಬೆಳಿಗ್ಗೆ ಮತ್ತು ಸಂಜೆ ಬಿಲದ ಬಳಿ ದೂರದಿಂದ, ನಡುಹಗಲಿನಲ್ಲಿ ನೀರಿನ ಬಳಿ ಕಾದರೆ ಇಲ್ಲಿ ಹೇಳಿದ ಬಹುಪಾಲು ಸಂಗತಿಗಳು ಕಣ್ಣೆದುರೇ ನಡೆಯುತ್ತವೆ. ಮೇವು ಕೊಟ್ಟು ಹತ್ತಿರ ಕರೆಯಬಾರದು; ಮನುಷ್ಯರ ಸಲಿಗೆ ಕಲಿತ ಕೋರೆಹಂದಿ ಇಬ್ಬರಿಗೂ ಅಪಾಯ. ಆಫ್ರಿಕಕ್ಕೆ ಹೋಗುವ ಓದುಗರು ಸಿಂಹಕ್ಕೆ ಕೊಡುವ ಹೊತ್ತಿನಲ್ಲಿ ಅರ್ಧ ಗಂಟೆಯನ್ನಾದರೂ ಈ ಹಂದಿಗೆ ಮೀಸಲಿಡಲಿ. ಕುರೂಪವೆಂದು ಕರೆಸಿಕೊಂಡ ಆ ಮುಖದ ಒಂದೊಂದು ಗಂಟಿಗೂ ಒಂದೊಂದು ಕೆಲಸವಿದೆ ಎಂಬುದು ಆಗ ತಾನಾಗಿಯೇ ಮನದಟ್ಟಾಗುತ್ತದೆ.